ಕೊಡಗಿನ ಕಾಡು ನೋಡಲು ಯಾವ ಬಸ್ ಹತ್ತಬೇಕು?

ರಾತ್ರಿ ಬೆಂಗಳೂರಿನಲ್ಲಿ ಬಸ್ ಹತ್ತಿ, ಬೆಳಗಿನ ಜಾವ ಮಡಿಕೇರಿಯಲ್ಲಿ ಇಳಿದು, ‘ಕೊಡಗು ಅಂದ್ರೆ ಕಾಡು ಅಂತಿದ್ರು, ದಾರೀಲಿ ಏನೂ ಕಾಣಲೇ ಇಲ್ಲ’ ಎನ್ನುವವರು ತುಂಬಾ ಜನ. ಕತ್ತಲು ಒಂದು ಕಾರಣ, ನಿಜ. ಆದರೆ ಹಗಲಲ್ಲಿ ಬಂದಿದ್ದರೂ ಅವರಿಗೆ ಸಿಗುತ್ತಿದ್ದ ಕಾಡು ಅಷ್ಟಕ್ಕಷ್ಟೆ. ಮೈಸೂರು ಬಿಟ್ಟ ಮೇಲೆ ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ ತನಕ ಹೊಗೆಸೊಪ್ಪು, ಜೋಳ, ಶುಂಠಿಯ ಹೊಲಗಳು. ಕಾವೇರಿ ದಾಟಿ ಕುಶಾಲನಗರಕ್ಕೆ ಬಂದ ಮೇಲೆ ಆನೆಕಾಡಿನ ತೇಗದ ಮರಗಳು ಸ್ವಲ್ಪ ದೂರ ಜೊತೆಗೆ ಬರುತ್ತವೆ. ಸುಂಟಿಕೊಪ್ಪದಿಂದ ಮಡಿಕೇರಿ ತನಕ ಬಹುಪಾಲು ಕಾಫಿ ತೋಟವೇ.

ತೋಟವೂ ಹಸಿರೇ, ಬೇಡ ಅನ್ನುತ್ತಿಲ್ಲ. ಆದರೆ ತೋಟ ಬೇರೆ, ಕಾಡು ಬೇರೆ. ಸಿಲ್ವರ್ ಮರ, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಸಾಲು ಹಿಡಿದ ಕಾಫಿ ಗಿಡ, ರಸ್ತೆ ಬದಿಗೆ ಬೇಲಿ, ಅಲ್ಲಲ್ಲಿ ಎಸ್ಟೇಟ್ ಬೋರ್ಡ್. ಇದು ತೋಟ. ಕೊಡಗಿನ ನಡುಭಾಗ ಹೆಚ್ಚಾಗಿ ಇದೇ. ನಡುನಡುವೆ ಗದ್ದೆ ಬಯಲು, ಊರೂರಿಗೆ ಒಂದೊಂದು ದೇವರಕಾಡು. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಆದರೆ ಅವು ಬಸ್ಸಿನ ಕಿಟಕಿಗೆ ಒಂದು ನಿಮಿಷಕ್ಕೂ ಸಿಗುವುದಿಲ್ಲ. ದೊಡ್ಡ ಕಾಡು ಉಳಿದಿರುವುದು ಅಂಚುಗಳಲ್ಲಿ. ಪಡುವಣ ಕಡೆ, ಬೆಟ್ಟ ಕರಾವಳಿಗೆ ಇಳಿಯುವಲ್ಲಿ. ಮೂಡಣ ಕಡೆ, ನಾಗರಹೊಳೆಯ ಬಳಿ. ಹಾಗಾಗಿ ಕಾಡು ಬೇಕು ಅನ್ನುವವರು ಮಡಿಕೇರಿಗೆ ಬರುವ ಬಸ್ಸಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ಕೊಡಗಿನಿಂದ ಹೊರಗೆ ಹೋಗುವ ಬಸ್ ಯಾವುದು ಅಂತ ನೋಡಬೇಕು.

ಅಂಥ ದಾರಿಗಳು ಮುಖ್ಯವಾಗಿ ನಾಲ್ಕು. ಸಂಪಾಜೆ ಮೇಲೆ ಸುಳ್ಯಕ್ಕೆ. ಮಾಕುಟ್ಟ ಮೇಲೆ ಕೇರಳದ ಇರಿಟ್ಟಿಗೆ. ಕುಟ್ಟದ ಕಡೆಗೆ, ಅದರಲ್ಲಿ ಎರಡು ಬಗೆ. ಕರಿಕೆ ಮೇಲೆ ಕೇರಳದ ಪಾಣತ್ತೂರಿಗೆ. ಮಡಿಕೇರಿಯಿಂದ ಮಾದಾಪುರದ ಮೇಲೆ ಸೋಮವಾರಪೇಟೆಗೆ ಹೋಗುವ ರಸ್ತೆಯನ್ನೂ ಕೆಲವರು ಹೇಳುತ್ತಾರೆ. ಒಳ್ಳೆಯ ದಾರಿಯೇ, ತಿರುವುಗಳೂ ಇವೆ, ಆದರೆ ಅದು ತೋಟದ ದಾರಿ. ಅದನ್ನು ಇಲ್ಲಿಗೇ ಬಿಡೋಣ.

ಸಂಪಾಜೆ: ಸುಲಭದ ದಾರಿ

ಮೊದಲ ಸಲ ಬರುವವರು, ಮಕ್ಕಳನ್ನು ಕರೆದುಕೊಂಡು ಬಂದವರು, ಒಂದೇ ದಿನದಲ್ಲಿ ಹೋಗಿ ವಾಪಸ್ ಮಡಿಕೇರಿಗೆ ಬರಬೇಕು ಅನ್ನುವವರು ಸುಮ್ನೆ ಇದನ್ನೇ ಆರಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 275. ಮಡಿಕೇರಿಯಿಂದ ಮಂಗಳೂರು ಸುಮಾರು 140 ಕಿಲೋಮೀಟರ್. ಇಷ್ಟೂ ದೂರ ಹೋಗಬೇಕಾಗಿಲ್ಲ. ಘಾಟಿ ಇರುವುದು ಮಡಿಕೇರಿ ಮತ್ತು ಸಂಪಾಜೆಯ ನಡುವೆ. ಸುಳ್ಯದಲ್ಲಿ ಇಳಿದು ಊಟ ಮುಗಿಸಿ ಎದುರು ಬಸ್ ಹತ್ತಿದರೆ ಸಂಜೆಯೊಳಗೆ ಮಡಿಕೇರಿ. ಮಡಿಕೇರಿ ಡಿಪೋ ಕೆಎಸ್ಸಾರ್ಟಿಸಿಯ ಪುತ್ತೂರು ವಿಭಾಗಕ್ಕೆ ಸೇರಿದ್ದು. ಅದಕ್ಕೋ ಏನೋ, ಘಾಟಿಯ ಮೇಲಿನ ಊರಿಗೂ ಕೆಳಗಿನ ಊರುಗಳಿಗೂ ನಡುವೆ ಬಸ್ಸಿನ ಓಡಾಟ ಚೆನ್ನಾಗಿದೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ಈ ಮಾತನ್ನು ಮುಂದೆ ಬರುವ ದಾರಿಗಳಿಗೆ ಹೇಳುವಂತಿಲ್ಲ.

ಕಾಟಕೇರಿ, ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡು. ಈ ಹೆಸರುಗಳು ಒಂದೊಂದಾಗಿ ಹೋಗುತ್ತಿದ್ದಂತೆ ಗಾಳಿಯೇ ಬದಲಾಗುತ್ತದೆ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ 1,100 ಮೀಟರ್‌ಗೂ ಎತ್ತರದಲ್ಲಿ. ಅಲ್ಲಿ ಹಾಕಿಕೊಂಡ ಸ್ವೆಟರ್ ಕೊಯನಾಡಿನ ಹೊತ್ತಿಗೆ ಮಡಿಲಿಗೆ ಬಂದಿರುತ್ತದೆ, ಸುಳ್ಯದಲ್ಲಿ ಬೆವರು. ಮೇಲೆ ಕಾಡು ಮತ್ತು ಏಲಕ್ಕಿ, ಕಾಫಿ. ಕೆಳಗೆ ಬಂದರೆ ರಬ್ಬರ್, ಅಡಿಕೆ. ದಾರಿಯುದ್ದಕ್ಕೂ ಪಯಸ್ವಿನಿ ಹೊಳೆ ಆಗಾಗ ಇಣುಕುತ್ತದೆ. ಇದೇ ಹೊಳೆ ಕೇರಳಕ್ಕೆ ಹೋಗಿ ಚಂದ್ರಗಿರಿ ಅನ್ನಿಸಿಕೊಂಡು ಕಾಸರಗೋಡಿನ ಹತ್ತಿರ ಸಮುದ್ರ ಸೇರುತ್ತದೆ. ಬಸ್ಸಿನೊಳಗೆ ಮಾತೂ ಬದಲಾಗುತ್ತದೆ. ಮದೆನಾಡಿನಲ್ಲಿ ಹತ್ತಿದವರು ಅರೆಭಾಷೆ ಆಡುತ್ತಿರುತ್ತಾರೆ, ಕಲ್ಲುಗುಂಡಿಯ ಹೊತ್ತಿಗೆ ತುಳುವೂ ಬೆರೆತಿರುತ್ತದೆ.

ಇದರ ಕೊರತೆಯನ್ನೂ ಹೇಳಬೇಕು. ಇದು ಹೆದ್ದಾರಿ. ಲಾರಿ ಜಾಸ್ತಿ. ಶಿರಾಡಿ ಘಾಟಿ ಬಂದ್ ಆದಾಗ ಅಲ್ಲಿನ ವಾಹನಗಳಲ್ಲಿ ಒಂದಷ್ಟು ಇಲ್ಲಿಗೇ ಬರುತ್ತವೆ, ಆಗ ಕಾಡಿಗಿಂತ ಎದುರಿನ ಟ್ಯಾಂಕರಿನ ಹಿಂಭಾಗವನ್ನೇ ಹೆಚ್ಚು ನೋಡಬೇಕಾಗುತ್ತದೆ. ಇನ್ನೊಂದು, 2018ರ ಆಗಸ್ಟ್. ಆ ಮಳೆಯಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು, ಮನೆಗಳು ಹೋದವು, ಜೀವಗಳು ಹೋದವು, ರಸ್ತೆ ಕಡಿದುಹೋಯಿತು. ಈಗ ರಸ್ತೆ ಇದೆ, ತಡೆಗೋಡೆಗಳಿವೆ. ಗುಡ್ಡದ ಮೇಲಿನ ಆ ಗಾಯಗಳಲ್ಲಿ ಹುಲ್ಲು, ಗಿಡ ಎದ್ದಿದೆ. ಅದು ಯಾವುದು ಅಂತ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ಮಾಕುಟ್ಟ: ನನ್ನ ಆಯ್ಕೆ ಇದೇ

ಒಂದೇ ದಾರಿ ನೋಡಲು ಸಮಯ ಇದೆ, ವಾಪಸ್ ಬರುವ ತಲೆಬಿಸಿ ಇಲ್ಲ ಅಂದರೆ ನಾನು ಯೋಚನೆ ಮಾಡದೆ ವಿರಾಜಪೇಟೆಯ ಬಸ್ ಸ್ಟ್ಯಾಂಡಿಗೆ ಕಳುಹಿಸುತ್ತೇನೆ. ಅಲ್ಲಿಂದ ಪೆರುಂಬಾಡಿ. ಪೆರುಂಬಾಡಿ ದಾಟಿದ ಮೇಲೆ ತೋಟ ಮುಗಿಯುತ್ತದೆ. ಬೇಲಿ ಮುಗಿಯುತ್ತದೆ. ಎರಡೂ ಕಡೆಯಿಂದ ಮರಗಳು ರಸ್ತೆಯ ಮೇಲೆ ಬಾಗಿ ಕೂಡಿಕೊಂಡಿರುತ್ತವೆ. ಕೇರಳ ಗಡಿಯ ಕೂಟುಪೊಳೆ ಸೇತುವೆ ತನಕ ಹೆಚ್ಚುಕಡಿಮೆ 20 ಕಿಲೋಮೀಟರ್ ಹೀಗೇ. ಮಧ್ಯದಲ್ಲಿ ಮಾಕುಟ್ಟದ ಚೆಕ್‌ಪೋಸ್ಟ್ ಬಿಟ್ಟರೆ ಊರು ಅನ್ನುವಂಥದ್ದು ಇಲ್ಲ ಅನ್ನಬಹುದು.

ಸಂಪಾಜೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು. ಅಲ್ಲಿ ಕಾಡು, ಮನೆ, ಅಂಗಡಿ, ತೋಟ, ಮತ್ತೆ ಕಾಡು. ಇಲ್ಲಿ ಕಾಡು ಒಂದೇ ಉಸಿರಿಗೆ. ವರ್ಷವಿಡೀ ಎಲೆ ಉದುರದ ಮಳೆಕಾಡು. ಬಿಸಿಲಿರುವ ಮಧ್ಯಾಹ್ನವೂ ಒಳಗೆ ಮಬ್ಬು ಮಬ್ಬು. ರಸ್ತೆ ಪಕ್ಕದ ಬಂಡೆಗಳ ಮೇಲೆ ಪಾಚಿ, ಜರಿಗಿಡ. ಅಕ್ಟೋಬರ್, ನವೆಂಬರ್ ತನಕ ಪ್ರತಿ ತಿರುವಿನಲ್ಲೂ ಒಂದು ಸಣ್ಣ ತೊರೆ ರಸ್ತೆಯ ಅಡಿಗೆ ನುಗ್ಗುತ್ತಿರುತ್ತದೆ. ದಾರಿಯ ಆಚೆ ಬ್ರಹ್ಮಗಿರಿ ವನ್ಯಜೀವಿ ಧಾಮದ ಕಾಡು. ಅಲ್ಲಿಂದ ಇಳಿಯುವ ಬರಪೊಳೆ ಕೆಳಗೆ ಕಣಿವೆಯಲ್ಲಿ ಹರಿಯುತ್ತದೆ. ಕಾಣುವುದು ಕಡಿಮೆ. ಬಸ್ ನಿಂತಾಗ ಸದ್ದು ಕೇಳಿಸುತ್ತದೆ.

ಪ್ರಾಣಿ ಕಾಣುತ್ತದಾ ಅಂತ ಕೇಳಿದರೆ, ಕೋತಿ ಬಿಟ್ಟು ಬೇರೆ ಏನನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಕಾಡು ದಟ್ಟ ಆದಷ್ಟೂ ಪ್ರಾಣಿ ಕಾಣುವುದು ಕಷ್ಟ. ಹತ್ತು ಅಡಿ ಒಳಗೆ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ಪ್ರಾಣಿಗಾಗಿ ಬಸ್ ಹತ್ತುವವರು ಕುಟ್ಟದ ಕಡೆ ಹೋಗಬೇಕು.

ಈ ದಾರಿಯಲ್ಲಿ ಎರಡೂ ರಾಜ್ಯಗಳ ಸರ್ಕಾರಿ ಬಸ್ ಓಡುತ್ತವೆ. ಮೈಸೂರಿನಿಂದ ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ಮೇಲೆ ಕಣ್ಣೂರು ಅಥವಾ ತಲಶ್ಶೇರಿಗೆ ಹೋಗುವ ಬಸ್ಸುಗಳು. ಬೆಂಗಳೂರಿನಿಂದ ಬರುವವುಗಳಲ್ಲಿ ರಾತ್ರಿ ಬಸ್ಸೇ ಹೆಚ್ಚು. ಅವು ಈ ಘಾಟಿಯನ್ನು ಕತ್ತಲಲ್ಲೇ ಇಳಿದುಬಿಡುತ್ತವೆ, ನಮಗೆ ಪ್ರಯೋಜನ ಇಲ್ಲ. ಆದ್ದರಿಂದ ಹಿಂದಿನ ದಿನವೇ ವಿರಾಜಪೇಟೆಗೆ ಬಂದು ಉಳಿದು, ಬೆಳಗಿನ ಬಸ್ ಹಿಡಿಯುವುದು ಒಳ್ಳೆಯದು. ಮಡಿಕೇರಿಯಿಂದ ವಿರಾಜಪೇಟೆ ಸುಮಾರು 30 ಕಿಲೋಮೀಟರ್, ಮೂರ್ನಾಡು ಮೇಲೆ, ಬೇತ್ರಿಯಲ್ಲಿ ಕಾವೇರಿ ದಾಟಿ. ಖಾಸಗಿ ಬಸ್ಸುಗಳೂ ಬೇಕಾದಷ್ಟಿವೆ.

ಇಳಿದ ಮೇಲೆ ಇರಿಟ್ಟಿ. ಅಲ್ಲಿ ಒಂದು ಚಾಯ, ಒಂದು ಪಳಂಪೊರಿ. ನೇಂದ್ರ ಬಾಳೆಹಣ್ಣಿನ ಬಜ್ಜಿ ಅಂದುಕೊಳ್ಳಿ. ಮುಂದಕ್ಕೆ ತಲಶ್ಶೇರಿ ಅಥವಾ ಕಣ್ಣೂರಿನಲ್ಲಿ ರೈಲು. ಮಟ್ಟನ್ನೂರಿನಲ್ಲಿ 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ. ಕೊಡಗಿನಲ್ಲಿ ಇವತ್ತಿಗೂ ರೈಲು ಹಳಿ ಇಲ್ಲ, ಹಾಗಾಗಿ ದೂರದಿಂದ ಬರುವವರಿಗೆ ಈ ಕಡೆಯಿಂದ ಹತ್ತಿ ಬರುವುದೂ ಒಳ್ಳೆಯ ಯೋಚನೆ. ಹತ್ತುವಾಗ ಬಸ್ ನಿಧಾನ, ನೋಡಲು ಸಮಯ ಜಾಸ್ತಿ ಸಿಗುತ್ತದೆ.

ಕುಟ್ಟದ ಕಡೆ: ನಾಗರಹೊಳೆ ಒಳಗೋ, ತಿತಿಮತಿ ಮೇಲೋ?

ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಹುಣಸೂರಿನಿಂದ ಕೊಡಗಿನ ದಕ್ಷಿಣಕ್ಕೆ ಎರಡು ದಾರಿ. ಒಂದು ವೀರನಹೊಸಹಳ್ಳಿ ಗೇಟಿನಿಂದ ನಾಗರಹೊಳೆ ಉದ್ಯಾನದ ಒಳಗೇ ಹಾದು, ನಾಣಚ್ಚಿ ಗೇಟಿನಲ್ಲಿ ಹೊರಬಿದ್ದು ಕುಟ್ಟ ಸೇರುವುದು. ಇನ್ನೊಂದು ಆನೆಚೌಕೂರು, ತಿತಿಮತಿ ಮೇಲೆ ಗೋಣಿಕೊಪ್ಪಕ್ಕೆ ಬಂದು, ಅಲ್ಲಿಂದ ಪೊನ್ನಂಪೇಟೆ ಮೇಲೆ ಕುಟ್ಟಕ್ಕೆ ಇಳಿಯುವುದು.

ಮೊದಲನೆಯದು ನಿಜವಾದ ಕಾಡಿನ ದಾರಿ. ಸಂಜೆ 6ರಿಂದ ಬೆಳಗ್ಗೆ 6ರ ತನಕ ಬಂದ್. ಬೈಕ್ ಬಿಡುವುದಿಲ್ಲ. ಸ್ವಂತ ಕಾರಿನವರಿಗೆ ಗೇಟಿನಲ್ಲಿ ನೂರೆಂಟು ನಿಯಮ, ಬಸ್ಸಿನವರಿಗೆ ಆ ರಗಳೆ ಇಲ್ಲ. ಕಾರಿಗಿಂತ ಬಸ್ಸಿನ ಸೀಟು ಎತ್ತರ, ಪೊದೆಯ ಮೇಲಿಂದ ನೋಡಬಹುದು. ಜಿಂಕೆ ಕಾಣದೆ ಈ ದಾರಿ ಮುಗಿಯುವುದು ಅಪರೂಪ. ಕಾಟಿ (ಕಾಡುಕೋಣ), ಕಡವೆ, ಆನೆ ಅದೃಷ್ಟಕ್ಕೆ ಬಿಟ್ಟದ್ದು. ಹುಲಿಯ ಮಾತು ಬೇಡ. ಆದರೆ ಬಸ್ಸುಗಳು ಬೆರಳೆಣಿಕೆಯಷ್ಟು. ಹುಣಸೂರು ಬಸ್ ನಿಲ್ದಾಣದಲ್ಲಿ ‘ಕುಟ್ಟ’ ಅಂತ ಮಾತ್ರ ಕೇಳಿದರೆ ಗೋಣಿಕೊಪ್ಪದ ಬಸ್ಸಿಗೆ ಹತ್ತಿಸಿಬಿಡುತ್ತಾರೆ. ‘ನಾಗರಹೊಳೆ ಒಳಗೆ ಹೋಗೋ ಬಸ್ ಎಷ್ಟು ಗಂಟೆಗೆ’ ಅಂತಲೇ ಕೇಳಿ.

ಎರಡನೆಯದರಲ್ಲಿ ಕಾಡು ಆನೆಚೌಕೂರಿನಿಂದ ತಿತಿಮತಿ ತನಕ. ರಸ್ತೆ ಪಕ್ಕದಲ್ಲೇ ಮತ್ತಿಗೋಡು ಆನೆ ಶಿಬಿರ, ಅಲ್ಲಿನ ಆನೆಗಳನ್ನು ಬಸ್ಸಿನಿಂದಲೇ ಕಂಡವರು ಎಷ್ಟೋ ಜನ. ಗೋಣಿಕೊಪ್ಪದಿಂದ ಆಚೆ ಮತ್ತೆ ತೋಟ, ಗದ್ದೆ. ಈ ದಾರಿಯಲ್ಲಿ ಬಸ್ ಜಾಸ್ತಿ, ಯಾಕೆ ಅಂದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ. ವಯನಾಡು, ಕೋಯಿಕ್ಕೋಡಿಗೆ ಹೋಗುವ ರಾತ್ರಿ ಬಸ್ಸುಗಳು ಸುತ್ತು ಹಾಕಿ ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಮೇಲೆ ಹೋಗುತ್ತವೆ. ರಾತ್ರಿ ಎರಡಕ್ಕೆ ಗೋಣಿಕೊಪ್ಪದ ಪೇಟೆಯಲ್ಲಿ ಸಾಲು ಬಸ್ ಕಂಡರೆ ಆಶ್ಚರ್ಯ ಪಡಬೇಡಿ.

ಇಲ್ಲಿನ ಕಾಡು ಮಾಕುಟ್ಟದಂತಲ್ಲ. ಎಲೆ ಉದುರುವ ಕಾಡು. ತೇಗ, ಮತ್ತಿ, ನಂದಿ, ಬಿದಿರು. ಜೂನ್‌ನಿಂದ ಡಿಸೆಂಬರ್ ತನಕ ಹಸಿರು, ಮಾರ್ಚ್‌ಗೆ ಬೋಳು. ಚಂದ ನೋಡುವವರಿಗೆ ಮಾರ್ಚ್ ಬೇಜಾರು. ಪ್ರಾಣಿ ನೋಡುವವರಿಗೆ ಅದೇ ಒಳ್ಳೆಯ ಕಾಲ, ದೂರದ ತನಕ ಕಾಣುತ್ತದೆ. ಹೊರದೇಶದಿಂದ ಬಂದ ಕಳೆ ಲಂಟಾನದ ಪೊದೆ ಬೆಳೆದು ಎಷ್ಟೋ ಕಡೆ ಎರಡೂ ಬದಿ ಗೋಡೆಯಾಗಿ ನಿಂತಿದೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕುಟ್ಟ ಸೇರಿದ ಮೇಲೆ ಅಲ್ಲಿಗೇ ನಿಲ್ಲಬೇಡಿ. ಕೆಲವೇ ಕಿಲೋಮೀಟರ್ ಆಚೆ ತೋಲ್ಪೆಟ್ಟಿ, ವಯನಾಡು ಅಭಯಾರಣ್ಯ. ಅಲ್ಲಿಂದ ಕಾಟಿಕುಳಂ ಕಡೆಗೆ ಮತ್ತೆ ಕಾಡು, ನಡುವೆ ತಿರುನೆಲ್ಲಿಗೆ ತಿರುವು. ಮಾನಂದವಾಡಿಯಲ್ಲಿ ಇಳಿಯುವವರಿಗೆ ಒಂದು ಮಾತು: ವಯನಾಡಿನಲ್ಲೂ ರೈಲು ಇಲ್ಲ.

ಕರಿಕೆ: ಗಟ್ಟಿ ಗುಂಡಿಗೆಯವರಿಗೆ

ಭಾಗಮಂಡಲದಿಂದ ಕರಿಕೆಗೆ ಇಳಿಯುವ ರಸ್ತೆ ಅಗಲ ಕಡಿಮೆ, ತಿರುವು ಜಾಸ್ತಿ, ಮಳೆ ವಿಪರೀತ. ತಲಕಾವೇರಿ ವನ್ಯಜೀವಿ ಧಾಮದ ಅಂಚಿನ ಕಾಡು. ಎದುರಿನಿಂದ ಜೀಪ್ ಬಂದರೂ ಒಬ್ಬರು ಹಿಂದಕ್ಕೆ ಹೋಗಬೇಕಾದ ಜಾಗಗಳಿವೆ. ಡ್ರೈವರ್ ಏನೂ ಆಗಿಲ್ಲ ಅನ್ನುವ ಹಾಗೆ ಹಿಂದಕ್ಕೆ ತೆಗೆಯುತ್ತಾರೆ, ಕಂಡಕ್ಟರ್ ಕೆಳಗೆ ಇಳಿದು ‘ಬರ್ಲಿ, ಬರ್ಲಿ’ ಅನ್ನುತ್ತಾರೆ. ಚೆಲುವಿನಲ್ಲಿ ಮಾಕುಟ್ಟಕ್ಕೆ ಇದು ಕಡಿಮೆ ಇಲ್ಲ. ಆದರೆ ಬಸ್ ತೀರಾ ಕಡಿಮೆ. ತಪ್ಪಿದರೆ ದಾರಿಯಲ್ಲಿ ಆಟೋ ಕೂಡ ಸಿಗದು. ಇಡೀ ದಿನ ಕೈಯಲ್ಲಿದ್ದರೆ, ಭಾಗಮಂಡಲದಲ್ಲಿ ಹಿಂದಿನ ದಿನವೇ ವಿಚಾರಿಸಿಕೊಂಡಿದ್ದರೆ ಮಾತ್ರ ಹೊರಡಿ. ಕೆಳಗೆ ಪಾಣತ್ತೂರು, ಅಲ್ಲಿಂದ ಕಾಞಂಗಾಡಿನಲ್ಲಿ ರೈಲು.

ಇಷ್ಟು ಸಾಹಸ ಬೇಡ ಅನ್ನುವವರು ಭಾಗಮಂಡಲದಿಂದ 8 ಕಿಲೋಮೀಟರ್ ಮೇಲಿರುವ ತಲಕಾವೇರಿಗೆ ಹೋಗಿ ಬರಬಹುದು. ಆ ದಾರಿಯಲ್ಲಿ ಕಾಡಿಗಿಂತ ಹುಲ್ಲಿನ ಬೆಟ್ಟಗಳೇ ಚಂದ. ಅಕ್ಟೋಬರ್ ನಡುವೆ ತುಲಾ ಸಂಕ್ರಮಣದ ದಿನಗಳಲ್ಲಿ ತೀರ್ಥಕ್ಕೆ ಹೋಗುವವರ ಜಾತ್ರೆ. ಆಗ ಭಕ್ತಿಗೆ ಹೋಗಿ, ದಾರಿ ನೋಡುವ ಆಸೆ ಇಟ್ಟುಕೊಳ್ಳಬೇಡಿ.

ಯಾವ ಬಸ್, ಯಾವ ಸೀಟು

ದಾರಿಯಷ್ಟೇ ಮುಖ್ಯ ಬಸ್ಸು. ಐರಾವತದಂಥ ಎಸಿ ಬಸ್ಸಿನಲ್ಲಿ ಗಾಜು ತೆಗೆಯಲು ಬರುವುದಿಲ್ಲ. ಕಾಡಿನ ವಾಸನೆ, ತಂಪು, ಜೀರುಂಡೆಯ ಸದ್ದು ಎಲ್ಲವೂ ಹೊರಗೇ ಉಳಿಯುತ್ತವೆ. ಸ್ಲೀಪರ್‌ನ ಮೇಲಿನ ಬರ್ತ್ ಘಾಟಿಯಲ್ಲಿ ಶಿಕ್ಷೆ. ಮಡಿಕೇರಿ ತನಕ ಬೇಕಾದರೆ ಆರಾಮಾಗಿ ರಾಜಹಂಸದಲ್ಲಿ ಬನ್ನಿ, ಘಾಟಿ ಇಳಿಯಲು ಮಾತ್ರ ಕೆಂಪು ಬಸ್ಸೇ ಸರಿ. ಕಿಟಕಿ ಪೂರಾ ಸರಿಯುತ್ತದೆ, ವೇಗವೂ ಕಡಿಮೆ. ಕೈ, ತಲೆ ಹೊರಗೆ ಹಾಕಬೇಡಿ. ಕೊಂಬೆ ತಾಗುವಷ್ಟು ಹತ್ತಿರ ಇರುತ್ತದೆ.

ಕೊಡಗಿನ ಒಳಗಿನ ಖಾಸಗಿ ಬಸ್ಸುಗಳ ಮಜಾ ಬೇರೆ. ತೋಟದ ಗೇಟಿಗೊಂದು ಸ್ಟಾಪ್. ಲೈನ್ ಮನೆಯ ತೋಟ ಕಾರ್ಮಿಕರು, ಶಾಲೆ ಮಕ್ಕಳು, ಅಕ್ಕಿ ಮೂಟೆ ಎಲ್ಲವೂ ಹತ್ತುತ್ತವೆ. ಕಂಡಕ್ಟರಿಗೆ ಎಲ್ಲರ ಹೆಸರೂ ಗೊತ್ತು. ಮಡಿಕೇರಿಯಲ್ಲಿ ಶುಕ್ರವಾರ ಸಂತೆ, ಅವತ್ತು ಸಂಜೆ ಕಿಟಕಿ ಸೀಟು ಮರೆತುಬಿಡಿ. ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಖಾಸಗಿ ಬಸ್ಸಿಗೂ ಐಷಾರಾಮಿ ಬಸ್ಸಿಗೂ ಇಲ್ಲ. ಕೇರಳಕ್ಕೆ ಹೋಗುವ ಬಸ್ ಹತ್ತುವಾಗ ಟಿಕೆಟ್ಟಿಗೆ ಚಿಲ್ಲರೆ ಕೈಯಲ್ಲಿರಲಿ.

ಸೀಟು ಎಡವೋ ಬಲವೋ ಎಂದು ಜಗಳ ಬೇಡ. ತಿರುವಿಗೊಮ್ಮೆ ಕಣಿವೆ ಪಕ್ಕ ಬದಲಿಸುತ್ತದೆ. ಬಿಸಿಲು ಬೀಳದ ಕಡೆ ನೋಡಿ ಕೂರಿ. ಮಡಿಕೇರಿಯಿಂದ ವಿರಾಜಪೇಟೆಗೆ ತೆಂಕು ದಿಕ್ಕು, ಹಾಗಾಗಿ ಬೆಳಗ್ಗೆ ಬಲಗಡೆ, ಮಧ್ಯಾಹ್ನದ ಮೇಲೆ ಎಡಗಡೆ. ಹಿಂದಿನ ಚಕ್ರದಿಂದ ಆಚೆ ಕೂತರೆ ಹೊಟ್ಟೆ ತೊಳೆಸುವುದು ಗ್ಯಾರಂಟಿ. ವಾಂತಿಯ ಭಯ ಇರುವವರು ಮುಂದಿನ ಸಾಲು ಹಿಡಿಯಿರಿ, ಹೊಟ್ಟೆ ತುಂಬಾ ತಿಂದು ಹತ್ತಬೇಡಿ, ಫೋನ್ ನೋಡಬೇಡಿ. ಮಾತ್ರೆ ತೆಗೆದುಕೊಳ್ಳುವವರು ಘಾಟಿ ಶುರುವಾದ ಮೇಲೆ ನುಂಗಿದರೆ ಉಪಯೋಗ ಇಲ್ಲ, ಅರ್ಧ ಗಂಟೆ ಮೊದಲೇ ಆಗಬೇಕು.

ಯಾವ ತಿಂಗಳು

ಜೂನ್‌ನಿಂದ ಆಗಸ್ಟ್ ತನಕ ಬೇಡ. ಮಳೆಗಾಲದ ಘಾಟಿ ನೋಡಲು ಅದ್ಭುತ ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಈ ತಿಂಗಳುಗಳಲ್ಲೇ. ಗುಡ್ಡ ಯಾವಾಗ ಕುಸಿಯುತ್ತದೆ, ರಸ್ತೆ ಯಾವಾಗ ಮುಚ್ಚುತ್ತದೆ ಎಂದು ಹೇಳಲು ಬರುವುದಿಲ್ಲ. ಭಾಗಮಂಡಲದ ಸಂಗಮ ತುಂಬಿದರೆ ಊರೇ ನೀರಿನಲ್ಲಿ. ಊರಿನವರಿಗೆ ಬೇರೆ ದಾರಿಯಿಲ್ಲ, ಓಡಾಡುತ್ತಾರೆ. ನೋಡಲು ಬರುವವರು ಸ್ವಲ್ಪ ಕಾಯಬಹುದು, ಅಲ್ವಾ?

ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ತನಕ ಎಲ್ಲ ದಾರಿಗೂ ಒಳ್ಳೆಯ ಕಾಲ. ತೊರೆಗಳಲ್ಲಿ ನೀರಿರುತ್ತದೆ, ಆಕಾಶ ತೆರೆದಿರುತ್ತದೆ. ಒಂದೇ ಒಂದು ಹೊತ್ತಿನಲ್ಲಿ ನಾನು ನನ್ನ ಮಾತನ್ನೇ ಬದಲಿಸುತ್ತೇನೆ: ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಮೇಲೆ. ಮಳೆಯಾಗಿ ವಾರ ಕಳೆಯುವಷ್ಟರಲ್ಲಿ ಕಾಫಿ ಗಿಡಗಳು ಬೆಳ್ಳಗಾಗುತ್ತವೆ. ಹೂ ನಿಲ್ಲುವುದು ಕೆಲವೇ ದಿನ. ಆಗ ಕಾಡಿನ ದಾರಿ ಬಿಟ್ಟು ಸುಂಟಿಕೊಪ್ಪ, ಸಿದ್ದಾಪುರ, ಗೋಣಿಕೊಪ್ಪದ ಕಡೆಯ ಯಾವುದೇ ತೋಟದ ಬಸ್ ಹತ್ತಿ. ಮಲ್ಲಿಗೆಯಂಥ ಘಮ ಕಿಟಕಿಯಿಂದ ಒಳಗೆ ಬರುತ್ತದೆ. ಎಸಿ ಬಸ್ಸಿನವರಿಗೆ ಅದೂ ಇಲ್ಲ.

ಎರಡು ದಿನ ಇದ್ದರೆ

ಆರಿಸುವ ಕಷ್ಟವೇ ಬೇಡ, ಎರಡು ಬಗೆಯ ಕಾಡನ್ನೂ ಸೇರಿಸಿಬಿಡಬಹುದು. ಬೆಳಗ್ಗೆ ಬೇಗ ಮೈಸೂರು ಬಿಟ್ಟು ಹುಣಸೂರಿನಲ್ಲಿ ನಾಗರಹೊಳೆ ಒಳಗಿನ ಬಸ್ ಹಿಡಿದು ಕುಟ್ಟಕ್ಕೆ ಬನ್ನಿ. ಊಟ ಅಲ್ಲೇ ಮುಗಿಸಿ. ಮಧ್ಯಾಹ್ನ ಶ್ರೀಮಂಗಲದ ಕಡೆಯ ಬಸ್ ಸಿಕ್ಕರೆ ದಾರಿಯಲ್ಲಿ ಇರ್ಪು ಜಲಪಾತಕ್ಕೆ ಇಳಿಯಬಹುದು, ಮುಖ್ಯ ರಸ್ತೆಯಿಂದ ಒಳಗೆ ಆಟೋ ಬೇಕಾಗುತ್ತದೆ. ಸಂಜೆಗೆ ಗೋಣಿಕೊಪ್ಪ, ರಾತ್ರಿ ವಿರಾಜಪೇಟೆ. ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು) ತಿನ್ನುವವರಿಗೆ ರಾತ್ರಿಯ ಚಿಂತೆ ಇಲ್ಲ, ಬರೀ ಸೊಪ್ಪು ತರಕಾರಿಯವರು ನೂಪುಟ್ಟು (ಅಕ್ಕಿ ಶಾವಿಗೆ) ಕೇಳಿ. ಮಾರನೇ ದಿನ ಬೆಳಗ್ಗೆ ತಲಶ್ಶೇರಿ ಅಥವಾ ಕಣ್ಣೂರಿನ ಬಸ್ಸಿನಲ್ಲಿ ಮಾಕುಟ್ಟ ಇಳಿಯಿರಿ. ಬಸ್ ಸ್ಟ್ಯಾಂಡಿಗೆ ಅರ್ಧ ಗಂಟೆ ಮೊದಲೇ ಹೋಗಿ. ಅದು ಮೈಸೂರಿನಿಂದ ಬರುವ ಬಸ್, ಬರುವಾಗಲೇ ತುಂಬಿರುತ್ತದೆ. ವಿರಾಜಪೇಟೆಯಲ್ಲಿ ಒಂದಷ್ಟು ಜನ ಇಳಿಯುತ್ತಾರೆ, ಕಿಟಕಿ ಸೀಟು ಖಾಲಿಯಾಗುವುದು ಆಗಲೇ.